ಲೈಲ್‌ನ ಕಾಲುಚೀಲ

ನಾನು ಪುಕ್ಕಲಿ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳಿಬಿಡುವುದು ವಾಸಿ. ಒಲೆ ಆರಿಸಿದೆನೋ ಇಲ್ಲವೋ ಎಂದು ಹತ್ತು ಮೈಲಿ ಹೋದ ಮೇಲೂ ಕಾರು ತಿರುಗಿಸಿಕೊಂಡು ಬಂದವಳು ನಾನು. ಡಬ್ಬಿಗಳ ಹಿಂದೆ ಯಾರೂ ಓದಬಾರದೆಂದೇ ಸಣ್ಣದಾಗಿ ಅಚ್ಚು ಹಾಕಿರುತ್ತಾರಲ್ಲ, ಆ ಅಕ್ಷರಗಳನ್ನೆಲ್ಲ ಓದುತ್ತೇನೆ. ನನ್ನ ಗಂಡ ಲೈಲ್, "ಮಾರ್ಲಿಸ್, ನಿನ್ನ ಹೆದ್ರಿಕೇನ ಮಾರೋ ಹಾಗಿದ್ದಿದ್ರೆ ಇಷ್ಟೊತ್ತಿಗೆ ಫ್ಲಾರಿಡಾದಲ್ಲಿ ಬಂಗಲೆ ಕಟ್ಟಿಸ್ತಿದ್ವಿ" ಎನ್ನುತ್ತಿದ್ದ. ಲೈಲ್ ಹೋಗಿ ಎರಡು ವರ್ಷವಾಯಿತು. ಹೆದರಿಕೆ ಮಾತ್ರ ನನ್ನನ್ನು ಬಿಟ್ಟು ಎಲ್ಲಿಗೂ ಹೋಗಿಲ್ಲ.

ಹಳೆಯ ಮರದ ಸಾಮಾನಿಗೆ ಮತ್ತೆ ಬಣ್ಣ ಕೊಡುವುದು ನನ್ನ ಕೆಲಸ. ಆಸಿಯನ್ ಊರಿನಲ್ಲಿ ಯಾರ ಮನೆಯಲ್ಲಿ ಅಜ್ಜಿಯ ಕುರ್ಚಿ ಮಂಕಾದರೂ ಅದು ನನ್ನ ಗ್ಯಾರೇಜಿಗೇ ಬರುತ್ತದೆ. ನಾನು ಬಳಸುವುದು ಜೆಲ್ ಸ್ಟೇನ್, ಗಟ್ಟಿ ಮೊಸರಿನ ಹದದ ಬಣ್ಣ. ಇದಕ್ಕೆ ಹಳೆಯ ಮೆರುಗನ್ನು ಪೂರ್ತಿ ಕೆರೆದು ತೆಗೆಯಬೇಕಾಗಿಲ್ಲ. ಉಪ್ಪುಕಾಗದದಿಂದ ಹಗುರಾಗಿ ತಿಕ್ಕಿ, ಧೂಳು ಒರೆಸಿದರೆ ಸಾಕು. ಆಮೇಲೆ ರಬ್ಬರ್ ಕೈಗವಸಿನ ಮೇಲೆ ಒಂದು ಹಳೆಯ ಕಾಲುಚೀಲ ತೊಟ್ಟು, ಬಣ್ಣದಲ್ಲಿ ಅದ್ದಿ, ಮರದ ಎಳೆ ಹೋದ ಕಡೆಗೇ ಸವರುತ್ತ ಹೋಗಬೇಕು. ಬ್ರಶ್ ಹಿಡಿದರೆ ಗೆರೆ ಬೀಳುತ್ತದೆ, ಕಾಲುಚೀಲದಿಂದ ಬೀಳುವುದಿಲ್ಲ. ಲೈಲ್ ಒಂದು ಮೂಟೆ ಬಿಳಿ ಕಾಲುಚೀಲ ಬಿಟ್ಟು ಹೋಗಿದ್ದ. ಮೊದಲನೆಯದನ್ನು ಅದ್ದಿದ ದಿನ ಗ್ಯಾರೇಜಿನಲ್ಲಿ ಕೂತು ಅತ್ತೆ. ಆಮೇಲೆ ಅಭ್ಯಾಸವಾಯಿತು.

ಈ ಬಣ್ಣದಲ್ಲಿ ಎಣ್ಣೆ ಇರುತ್ತದೆ. ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ. ಬಟ್ಟೆಯನ್ನು ಹರವಿದ್ದರೆ ಆ ಬಿಸಿ ಗಾಳಿಗೆ ಹೋಗುತ್ತದೆ. ಮುದ್ದೆ ಮಾಡಿ ಇಟ್ಟರೆ ಒಳಗೇ ಉಳಿದು, ಏರುತ್ತ ಹೋಗಿ, ಕಡ್ಡಿ ಗೀರದೆ ಕಿಡಿ ತಗಲದೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಡಬ್ಬಿಯ ಹಿಂದೆ ಇದನ್ನು ಬರೆದೇ ಇರುತ್ತಾರೆ. ಲೈಲ್ ನಂಬಿರಲಿಲ್ಲ. ಒಂದು ಮಧ್ಯಾಹ್ನ ನಮ್ಮ ಗ್ಯಾರೇಜಿನ ಬಕೆಟ್ಟಿನಿಂದ ಹೊಗೆ ಎದ್ದಿತು, ಆವತ್ತಿನಿಂದ ನಂಬಿದ. ಅಂದಿನಿಂದ ನಾನು ಕೆಲಸ ಮುಗಿದ ಕೂಡಲೇ ಒಂದೊಂದೇ ಕಾಲುಚೀಲವನ್ನು ಬೀದಿಗೆ ಕಾಣುವ ಹಿತ್ತಲಿನ ತಂತಿಬೇಲಿಗೆ ಕ್ಲಿಪ್ ಹಾಕಿ ಹರವುತ್ತೇನೆ. ಎರಡು ದಿನ ಹಾಗೇ ಬಿಡುತ್ತೇನೆ. ಊರವರು ನಗುತ್ತಾರೆ, ನಗಲಿ.

ಹೋದ ಬೇಸಿಗೆಯಲ್ಲಿ ನನ್ನ ಮಗಳು ಕರ್ಸ್ಟನ್‌ಗೆ ಹೆಣ್ಣು ಮಗು ಹುಟ್ಟಿತು. ಟಿಲ್ಲಿ ಎಂದು ಹೆಸರಿಟ್ಟರು. ನಾಲ್ಕನೆಯ ದಿನ ನಾನು ಅವರ ಮನೆಯಲ್ಲಿ ತೊಟ್ಟಿಲ ಬಳಿ ಕೂತಿದ್ದೆ. ಮಗು ಉಸಿರು ಎಳೆದುಕೊಂಡಿತು, ಬಿಡಲಿಲ್ಲ. ಐದು ಎಣಿಸಿದೆ, ಆರು ಎಣಿಸಿದೆ. ಏಳಕ್ಕೆ ಆಂಬ್ಯುಲೆನ್ಸಿಗೆ ಫೋನು ಮಾಡಿದೆ. ಅದು ಸೈರನ್ ಕೂಗಿಕೊಂಡು ಬರುವಷ್ಟರಲ್ಲಿ ಟಿಲ್ಲಿ ಹಾಯಾಗಿ ಹಾಲು ಕುಡಿಯುತ್ತಿದ್ದಳು. ಹಸುಗೂಸುಗಳು ಹಾಗೆ ಒಂದೊಂದು ಸಲ ಉಸಿರು ತಡೆಯುತ್ತವೆ, ಏನೂ ಆಗುವುದಿಲ್ಲ ಎಂದು ಹೇಳಿ ಆಂಬ್ಯುಲೆನ್ಸಿನವರು ಹೋದರು. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಕರ್ಸ್ಟನ್ ಮುಖ ಕೆಂಪಗಾಗಿತ್ತು.

"ಅಮ್ಮ, ನಾನು ಕರೆಯೋವರೆಗೂ ಬರ್ಬೇಡ" ಎಂದಳು. "ಫೋನೂ ಬೇಡ. ನಿನ್ನ ಹೆದ್ರಿಕೆ ನಂಗೂ ಅಂಟ್ಕೊಳ್ತಿದೆ. ರಾತ್ರಿಯೆಲ್ಲ ಎದ್ದು ಮಗು ಮೂಗಿನ ಹತ್ರ ಕೈ ಹಿಡೀತಿದೀನಿ. ಹಿಂಗೆ ಮಗೂನ ಸಾಕೋಕಾಗುತ್ತಾ?"

"ಬರಲ್ಲ ಕಣೆ" ಎಂದು ಮಾತು ಕೊಟ್ಟೆ. ಇನ್ನೊಂದು ಸಲ ಹೀಗಾದರೆ ಮೊಮ್ಮಗಳ ಮುಖ ನೋಡುವುದು ಕ್ರಿಸ್‌ಮಸ್‌ಗೇ ಎಂದು ಅವಳು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಆದರೂ ಟಿಲ್ಲಿಗೆಂದು ನಾನು ಲೈಲ್‌ನ ಬಟ್ಟೆಯಿಡುವ ಡ್ರೆಸ್ಸರ್ ಸಿದ್ಧ ಮಾಡಿದ್ದೆ. ಅವನು ಹುಡುಗನಾಗಿದ್ದಾಗಿನ ಓಕ್ ಮರದ್ದು, ನಾಲ್ಕು ಡ್ರಾಯರಿನದು. ಕಿತ್ತಳೆಗೆ ತಿರುಗಿದ್ದ ಅದಕ್ಕೆ ಎರಡು ಕೈ ಜೆಲ್ ಸ್ಟೇನ್ ಕೊಟ್ಟು, ಮೇಲೆ ಮೂರು ಕೈ ಮೆರುಗು ಹಚ್ಚಿ, ವಾಸನೆ ಪೂರ್ತಿ ಹೋಗುವವರೆಗೆ ಒಂದು ತಿಂಗಳು ಗಾಳಿಗೆ ಬಿಟ್ಟಿದ್ದೆ. ಮಗು ಹುಟ್ಟಿದ ಕೆಲವು ವಾರಕ್ಕೆ, ಒಂದು ಗುರುವಾರ ಹನ್ನೊಂದು ಗಂಟೆಗೆ ಅಳಿಯ ಕೋರಿ ತನ್ನ ಪಿಕಪ್ಪಿನಲ್ಲಿ ಬಂದು ಅದನ್ನು ಒಯ್ಯುವುದೆಂದು ಮಾತಾಗಿತ್ತು.

ಗುರುವಾರ ಬೆಳಿಗ್ಗೆ ಬೇರೆಯವರ ಆರು ಕುರ್ಚಿಗಳಿಗೆ ಬಣ್ಣ ಸವರಿದೆ. ಎಂಟು ಕಾಲುಚೀಲ, ಒರೆಸಲು ಬಳಸಿದ ಎರಡು ಬನಿಯನ್, ಎಲ್ಲವನ್ನೂ ಬೇಲಿಗೆ ಹರವಿದೆ. ಹತ್ತು ಗಂಟೆಗೆ ಚರ್ಚಿನಲ್ಲಿ ಒಂದು ಸಾವಿನ ಊಟವಿತ್ತು. ಹ್ಯಾಮ್ ಸ್ಯಾಂಡ್‌ವಿಚ್ ಬಡಿಸಲು ಹೋದೆ. ಮನೆಯಲ್ಲಿ ಆರ್ಡಿಸ್ ಇದ್ದಳು. ಆರ್ಡಿಸ್ ಲೈಲ್‌ನ ಅಕ್ಕ, ಎಪ್ಪತ್ತೆಂಟು ವರ್ಷ, ವಾರದ ಮಟ್ಟಿಗೆ ಬಂದಿದ್ದಳು. ಅವಳು ಬಂದರೆ ನನ್ನ ಮನೆಯಲ್ಲಿ ಚಮಚಗಳು ಕೂಡ ನೆಟ್ಟಗೆ ನಿಲ್ಲುತ್ತವೆ.

ಒಂದೂವರೆಗೆ ವಾಪಸು ಬಂದೆ. ಬೇಲಿ ಖಾಲಿ. ಕ್ಲಿಪ್ಪುಗಳು ಮಾತ್ರ ಸಾಲಾಗಿ ಉಳಿದಿದ್ದವು.

ಅಡುಗೆಮನೆಯಲ್ಲಿ ಆರ್ಡಿಸ್ ಬಟಾಣಿ ಸುಲಿಯುತ್ತಿದ್ದಳು.

"ಆರ್ಡಿಸ್, ಬೇಲಿ ಮೇಲಿದ್ದ ಸಾಕ್ಸ್ ಎಲ್ಲಿ?"

"ತೆಗ್ದೆ. ಊರೋರೆಲ್ಲ ನೋಡ್ಕೊಂಡು ಹೋಗ್ತಿದ್ರು. ನನ್ನ ತಮ್ಮನ ಸಾಕ್ಸು ಹಂಗೆ ಕಕ್ಕಸಿನ ಬಣ್ಣ ಮೆತ್ಕೊಂಡು ಬೀದಿಗೆ ನೇತಾಡ್ತಿದ್ರೆ ನಾನು ಸುಮ್ನೆ ಕೂತ್ಕೊಳ್ಲಾ?"

"ತೆಗ್ದು ಏನು ಮಾಡ್ದೆ?"

"ಮುಟ್ಟಿದ್ರೆ ಅಂಟ್ತಿರ್ಲಿಲ್ಲ, ಒಣಗಿತ್ತು. ಜೋಡಿ ಜೋಡಿ ಉಂಡೆ ಕಟ್ಟಿ, ಬನಿಯನ್ನಲ್ಲಿ ಸುತ್ತಿ ಇಟ್ಟೆ."

ಉಂಡೆ ಎಂದ ಕೂಡಲೇ ಕಾರಿನ ಬೀಗದ ಕೈಯನ್ನು ಮತ್ತೆ ಕೈಗೆ ತೆಗೆದುಕೊಂಡೆ.

"ಎಲ್ಲಿಟ್ಟೆ?"

"ಸಾಕ್ಸ್ ಎಲ್ಲಿಡ್ತಾರೆ? ಡ್ರಾಯರಲ್ಲಿ."

"ಯಾವ ಡ್ರಾಯರು, ಆರ್ಡಿಸ್?"

"ಲೈಲ್‌ದು. ಮೇಲಿಂದ ಎರಡನೇದು. ಅವ್ನು ಎಂಟು ವರ್ಷದ ಹುಡುಗ ಆಗಿದ್ದಾಗ್ಲಿಂದ ಅವ್ನ ಸಾಕ್ಸ್ ಇರೋದು ಅಲ್ಲೇ. ನಮ್ಮಮ್ಮಂಗೆ ಕೈಲಾಗ್ದೆ ಇದ್ದಾಗ ನಾನೇ ಮಡಚಿಡ್ತಿದ್ದೆ." ಅವಳು ಬಟಾಣಿ ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿದಳು. "ಆಮೇಲೆ ಕೋರಿ ಬಂದು ಡ್ರೆಸ್ಸರ್ ಹೊತ್ಕೊಂಡ. ಸಾಕ್ಸ್ ತೆಗೀಬೇಕಿತ್ತೇನೋ. ಆದ್ರೆ ಲೈಲ್ ಡ್ರಾಯರಲ್ಲಿ ಅವ್ನದೇನಾದ್ರೂ ಇರ್ಲಿ ಅನ್ನಿಸ್ತು, ಸುಮ್ನಾದೆ."

ಅವಳ ಮೇಲೆ ಕೂಗಾಡಲು ಬಾಯಿ ತೆರೆದೆ. ಬೈಯುವ ಬದಲು ಗಡಿಯಾರ ನೋಡಿದೆ.

ಕೋರಿ ಬಂದದ್ದು ಹನ್ನೊಂದಕ್ಕೆ. ಎಂದರೆ ಆ ಗಂಟು ಕಟ್ಟಿ ಎರಡೂವರೆ ಗಂಟೆ ಮೀರಿತ್ತು. ಬಿಸಿಲಿನಲ್ಲಿ ಪಿಕಪ್ಪಿನ ಹಿಂದೆ ಕಾದು, ಈಗ ಅದು ಟಿಲ್ಲಿಯ ಕೋಣೆಯಲ್ಲಿ, ಮುಚ್ಚಿದ ಡ್ರಾಯರಿನೊಳಗೆ, ತೊಟ್ಟಿಲಿನಿಂದ ಒಂದು ಮೊಳ ದೂರದಲ್ಲಿ ಇತ್ತು. ಆ ಕೋಣೆಗೆ ನಾನೇ ಹೊಗೆಯ ಅಲಾರಂ ಹಾಕಿಸಿದ್ದೆ. ರೊಟ್ಟಿ ಕರಕಲಾದಾಗಲೆಲ್ಲ ಅದು ಕಿರುಚಿ ಮಗುವನ್ನು ಎಬ್ಬಿಸುತ್ತದೆ ಎಂದು ಕೋರಿ ಬಿಚ್ಚಿಟ್ಟಿದ್ದ.

ಕರ್ಸ್ಟನ್‌ಗೆ ಫೋನು ಮಾಡಿದೆ. ಸ್ವಿಚ್ ಆಫ್ ಆಗಿತ್ತು. ಮಧ್ಯಾಹ್ನ ತಾಯಿ ಮಗು ಇಬ್ಬರೂ ಮಲಗುವ ಹೊತ್ತು. ಕೋರಿ ಆಗಲೇ ಕಾರ್ಖಾನೆಗೆ ಹೋಗಿದ್ದ. ಅಲ್ಲಿ ಫೋನು ಲಾಕರಿನಲ್ಲಿ ಇಡಬೇಕು.

ಉಳಿದದ್ದು ಅಗ್ನಿಶಾಮಕದವರು, ಒಂಬತ್ತು-ಒಂದು-ಒಂದು. ಒಂಬತ್ತು ಒತ್ತಿದೆ, ಒಂದು ಒತ್ತಿದೆ. ಕೊನೆಯ ಒಂದರ ಮೇಲೆ ಬೆರಳು ನಿಂತುಬಿಟ್ಟಿತು. ಅದೇ ಬೀದಿ, ಅದೇ ಸೈರನ್, ಬಾಗಿಲಲ್ಲಿ ಅದೇ ಜನ, ಡ್ರಾಯರಿನಲ್ಲಿ ತಣ್ಣಗೆ ಕೂತ ಎಂಟು ಕಾಲುಚೀಲ. ಹತ್ತರಲ್ಲಿ ಒಂಬತ್ತು ಸಲ ಹಾಗೆಲ್ಲ ಏನೂ ಆಗುವುದಿಲ್ಲ. ನನಗೆ ಬೆಂಕಿಯ ಭಯಕ್ಕಿಂತ ಮಗಳ ಮುಖದ ಭಯ ಹೆಚ್ಚಾಯಿತು. ಫೋನನ್ನು ಜೇಬಿಗೆ ಹಾಕಿ ಕಾರಿನ ಕಡೆ ಓಡಿದೆ. ಇದನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

"ಏನಾಯ್ತೇ?" ಆರ್ಡಿಸ್ ಬಾಗಿಲಿಂದ ಕೂಗಿದಳು. "ಬರೀ ಸಾಕ್ಸಿಗೆ ಯಾಕಿಂಗಾಡ್ತೀಯ?"

ಆಸಿಯನ್‌ನಿಂದ ಕರ್ಸ್ಟನ್ ಇರುವ ಡೆಕೋರಾಕ್ಕೆ ಇಪ್ಪತ್ತೈದು ನಿಮಿಷದ ದಾರಿ. ನಡುವಿನ ಕಾಲ್ಮರ್ ಊರು ದಾಟುವ ಮೊದಲೇ ಒಂದು ಟ್ರ್ಯಾಕ್ಟರ್ ಹುಲ್ಲಿನ ಗಾಡಿ ಎಳೆದುಕೊಂಡು ರಸ್ತೆ ತುಂಬ ಹೋಗುತ್ತಿತ್ತು. ಅದರ ಹಿಂದೆ ತೆವಳಿದೆ. ಹಾರನ್ ಹೊಡೆದೆ. ಓಡಿಸುತ್ತಿದ್ದವನು ಹಿಂತಿರುಗಿ, ನಮ್ಮ ಕಡೆಯವರು ಮಾಡುವಂತೆ, ಸ್ನೇಹದಿಂದ ಕೈ ಎತ್ತಿದ. ನಾನು ಜನ್ಮದಲ್ಲಿ ಬಳಸದ ಮಾತುಗಳನ್ನು ಅವನ ಬೆನ್ನಿಗೆ ಬಳಸಿದೆ. ಎದುರಿಗೆ ಲಾರಿ ಬರುತ್ತಿದ್ದರೂ ನುಗ್ಗಿದೆ. ಕಾರು ಓಡಿಸಿದ ನಲವತ್ತು ವರ್ಷದಲ್ಲಿ ಒಮ್ಮೆಯೂ ರಸ್ತೆ ನಡುವಿನ ಹಳದಿ ಗೆರೆ ದಾಟಿದವಳಲ್ಲ ನಾನು. ಊರು ಹತ್ತಿರವಾದಂತೆ ಆಕಾಶ ನೋಡಿದೆ. ಹೊಗೆ ಇರಲಿಲ್ಲ. ಅದರಿಂದ ಸಮಾಧಾನವೇನೂ ಆಗಲಿಲ್ಲ, ಮುಚ್ಚಿದ ಕೋಣೆಯ ಹೊಗೆ ಆಕಾಶಕ್ಕೆ ಬರುವುದು ಎಲ್ಲ ಮುಗಿದ ಮೇಲೆ.

ಬಾಗಿಲಿಗೆ ಚೀಟಿ ಅಂಟಿಸಿದ್ದರು. 'ಮಗು ಮಲಗಿದೆ. ಬೆಲ್ ಒತ್ತಿದವರನ್ನು ಬಿಡುವುದಿಲ್ಲ.' ಹೂಕುಂಡದ ಕೆಳಗೆ ಬೀಗದ ಕೈಗೆ ತಡಕಾಡಿದೆ. ಇರಲಿಲ್ಲ. ಕಳ್ಳರು ಮೊದಲು ನೋಡುವುದೇ ಅಲ್ಲಿ ಎಂದು ಹೆದರಿಸಿ ಹೆದರಿಸಿ ನಾನೇ ತೆಗೆಸಿದ್ದೆ. ಬೆಲ್ ಒತ್ತಿದೆ, ಒತ್ತಿ ಹಿಡಿದೆ, ಎರಡೂ ಮುಷ್ಟಿಯಿಂದ ಬಾಗಿಲು ಬಡಿದೆ.

ಕರ್ಸ್ಟನ್ ಬಾಗಿಲು ತೆಗೆದಳು. ಕೂದಲು ಕೆದರಿತ್ತು, ಅಂಗಿಯ ಮೇಲೆ ಹಾಲಿನ ಕಲೆ.

"ಅಮ್ಮ."

"ಡ್ರೆಸ್ಸರ್ ಎಲ್ಲಿ?"

"ನೀನು ಮಾತು ಕೊಟ್ಟಿದ್ದೆ."

"ಗೊತ್ತು. ಡ್ರೆಸ್ಸರ್ ಎಲ್ಲಿ ಹೇಳೇ!"

"ಮಗು ರೂಮಲ್ಲಿ. ಅಮ್ಮ, ನೀನು ಮೇಲೆ ಹೋಗ್ಕೂಡ್ದು, ಈಗಷ್ಟೇ ಮಲಗಿದಾಳೆ."

ಅವಳನ್ನು ತಳ್ಳಿಕೊಂಡೇ ಮೆಟ್ಟಿಲು ಹತ್ತಿದೆ. ಕೋಣೆಯ ಕಿಟಕಿ ಮುಚ್ಚಿತ್ತು, ಪರದೆ ಎಳೆದಿತ್ತು. ತೊಟ್ಟಿಲಲ್ಲಿ ಟಿಲ್ಲಿ ಕೈ ಮೇಲೆತ್ತಿಕೊಂಡು ಮಲಗಿದ್ದಳು. ಒಂದು ವಾಸನೆ ಇತ್ತು, ಬಿಸಿ ಎಣ್ಣೆಯದು, ಬಲು ತೆಳುವಾಗಿ. ನಿಜವಾಗಿ ಇದೆಯೋ ನನ್ನ ಮೂಗಿನ ಹೆದರಿಕೆಯೋ ತಿಳಿಯಲಿಲ್ಲ. ಎರಡನೆಯ ಡ್ರಾಯರ್ ಎಳೆದೆ. ಬನಿಯನ್ನಿನ ಗಂಟು ಮೂಲೆಯಲ್ಲಿ ಅಚ್ಚುಕಟ್ಟಾಗಿ ಕೂತಿತ್ತು.

ಕರ್ಸ್ಟನ್ ಪಿಸುದನಿಯಲ್ಲಿ ಬೈಯುತ್ತಲೇ ಹಿಂದೆ ಬಂದಳು. ನಾನು ಎರಡೇ ಮಾತಿನಲ್ಲಿ ಹೇಳಿದೆ. ಆರ್ಡಿಸ್, ಬಣ್ಣದ ಸಾಕ್ಸು, ಉಂಡೆ, ಬೆಂಕಿ. ಅವಳು ಗಂಟಿನ ಮೇಲೆ ಅಂಗೈ ಇಟ್ಟಳು. ಮುಖ ಕಲ್ಲಾಯಿತು.

"ತಣ್ಣಗಿದೆ ಅಮ್ಮ."

ನಾನೂ ಮುಟ್ಟಿದೆ. ತಣ್ಣಗೇ ಇತ್ತು.

"ಮೊದ್ಲು ಆಂಬ್ಯುಲೆನ್ಸು, ಈಗ ಸಾಕ್ಸು" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. "ನಂಗೆ ಸಾಕಾಗಿದೆ. ನೀನು ಮನೇಗೆ ಹೋಗು."

ಒಂದು ಕ್ಷಣ ಹೋಗಿಬಿಡೋಣ ಅನ್ನಿಸಿತು. ಅವಳು ಹೇಳುವುದೇ ಸರಿಯಿರಬಹುದು, ನಾನು ಊರಿಗೆಲ್ಲ ತಲೆನೋವಾದ ಮುದುಕಿಯಿರಬಹುದು. ಆದರೂ ಕೈ ತಾನಾಗಿ ಗಂಟು ಬಿಡಿಸಿ, ಉಂಡೆಗಳ ನಡುವೆ ಬೆರಳು ತೂರಿಸಿತು. ಚುರ್ರೆಂದಿತು.

"ಒಳಗೆ ಕೈ ಹಾಕು."

"ಅಮ್ಮ, ಸಾಕು."

"ಹಾಕೇ!"

ಹಾಕಿದಳು. ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡಳು. ನಾನು ಗಂಟನ್ನು ಎದೆಗೆ ಅವಚಿಕೊಂಡು ಬಚ್ಚಲಿಗೆ ಓಡಿದೆ. ಟಬ್ಬಿನಲ್ಲಿ ಹಾಕಿ, ನಡುವಿನ ಉಂಡೆ ಬಿಚ್ಚಿದರೆ, ಹಿಮ್ಮಡಿಯ ಜಾಗ ಅಂಗೈಯಷ್ಟಗಲ ಕಪ್ಪಗೆ ಸುಟ್ಟಿತ್ತು. ಗಾಳಿ ತಗಲಿದ್ದೇ ಅಂಚಿನಲ್ಲಿ ಕೆಂಪು ಗೆರೆಯೊಂದು ಓಡಿತು, ಹೊಗೆ ಎದ್ದಿತು. ನಲ್ಲಿ ತಿರುಗಿಸಿದೆ. ನೀರು ಬಿದ್ದು ಚೊರ್ ಎಂದಿತು. ಎಂಟೂ ಮುಳುಗುವವರೆಗೆ ನೀರು ಬಿಟ್ಟೆ, ಮುಳುಗಿದ ಮೇಲೂ ನಲ್ಲಿ ನಿಲ್ಲಿಸಲು ಧೈರ್ಯವಾಗಲಿಲ್ಲ. ಮಂಡಿಯೂರಿ ಕೂತೇ ಇದ್ದೆ. ಕಂದು ನೀರಿನಲ್ಲಿ ಲೈಲ್‌ನ ಕಾಲುಚೀಲಗಳು ಒಂದೊಂದಾಗಿ ಬಿಚ್ಚಿಕೊಂಡವು.

ಗೆದ್ದೆ ಎಂದು ಅನ್ನಿಸಬೇಕಿತ್ತು. ಅರವತ್ತೊಂದು ವರ್ಷದಲ್ಲಿ ಮೊದಲ ಸಲ ನನ್ನ ಹೆದರಿಕೆಗೆ ಸಾಕ್ಷಿ ಸಿಕ್ಕಿತ್ತು, ಮಗಳೇ ಕೈಯಿಟ್ಟು ನೋಡಿದ್ದಳು. ಹಾಗೇನೂ ಅನ್ನಿಸಲಿಲ್ಲ. ಜೇಬಿನಲ್ಲಿದ್ದ ಫೋನು ತೊಡೆಗೆ ಒತ್ತುತ್ತಿತ್ತು. ಆ ಟ್ರ್ಯಾಕ್ಟರ್ ಇನ್ನೂ ಒಂದು ಮೈಲಿ ನನ್ನ ಮುಂದೆ ಇದ್ದಿದ್ದರೆ?

ಕೋಣೆಗೆ ಮರಳಿದೆ. ಕರ್ಸ್ಟನ್ ತೊಟ್ಟಿಲ ಮೇಲೆ ಬಗ್ಗಿ, ಬೆರಳನ್ನು ಟಿಲ್ಲಿಯ ಮೂಗಿನ ಕೆಳಗೆ ಹಿಡಿದಿದ್ದಳು. ಅದು ನನ್ನದೇ ಭಂಗಿ. ಇವಳಿಗೆ ಇದು ಬರುವುದು ಬೇಡವೆಂದು ನಾನು ಎಷ್ಟು ಸಲ ಬೇಡಿಕೊಂಡಿದ್ದೇನೋ.

"ಅಮ್ಮ" ಎಂದಳು, ತಲೆ ಎತ್ತದೆ. "ಉಸಿರು ಬರ್ತಿಲ್ವೇನೋ ಅನ್ನಿಸ್ತಿದೆ. ನೀನೊಂದ್ಸಲ ನೋಡು."

ಪಕ್ಕದಲ್ಲಿ ಬಗ್ಗಿದೆ. ಬಣ್ಣ ಮೆತ್ತಿದ ಬೆರಳನ್ನು ಅಂಗಿಗೆ ಒರೆಸಿಕೊಂಡು ಹಿಡಿದೆ. ಒಂದು, ಎರಡು, ಮೂರು. ಬೆಚ್ಚಗೆ ಬಂದು ತಾಕಿತು.

"ಬರ್ತಿದೆ ಕಣೆ. ಚೆನ್ನಾಗೇ ಬರ್ತಿದೆ."

ಅವಳು ನನ್ನ ತೋಳು ಹಿಡಿದುಕೊಂಡಳು.

"ಇನ್ನೊಂದ್ಸಲ ನೋಡು" ಎಂದಳು.