ಹಾಡು ಮುಗಿಸಿ ಬರ್ತಾಳಂತೆ

ಸೇತುರಾಮನ ಬಾಯಿ ಬಿದ್ದುಹೋಗಲಿ ಎಂದು ಸೌಂದರ್ಯಾ ಎಷ್ಟು ಸಲ ಶಪಿಸಿದ್ದಳೋ ಅವಳಿಗೇ ಗೊತ್ತಿಲ್ಲ. ಬಾಯಿ ಬೀಳಲಿಲ್ಲ, ಇನ್ನಷ್ಟು ಹರಿತವಾಯಿತು. ಹಳೆಯ ಜಾಝ್ ಹಾಡುಗಳ ಹಿಂದಿನ ಕಥೆ ಹೇಳುವ ಅವನ ಕಾರ್ಯಕ್ರಮ ನೂರನೆಯದನ್ನು ಮುಟ್ಟಿತ್ತು. ಆ ನೂರನೆಯದಕ್ಕೆ ಅವನು ಆರಿಸಿಕೊಂಡದ್ದು ಅವಳು ಹಾಡಿದ ಹಾಡನ್ನೇ, ಅವಳ ಅವ್ವ ಹಾಲವ್ವನ ಸಾವನ್ನೇ.

ಸೇತುರಾಮನಿಗೆ ವಿಜಯನಗರದಲ್ಲಿ ಒಂದು ಸಣ್ಣ ರೆಕಾರ್ಡಿಂಗ್ ಸ್ಟುಡಿಯೋ ಇದೆ. ವಾರವೆಲ್ಲ ಭಕ್ತಿಗೀತೆ, ಸೋಪಿನ ಜಾಹೀರಾತು, ಚುನಾವಣೆ ಬಂದರೆ ಪ್ರಚಾರದ ಹಾಡು. ಭಾನುವಾರ ಮಾತ್ರ ಜಾಝ್. ಜನರನ್ನು ಕೂರಿಸಿಕೊಂಡು ಅಮೆರಿಕದ ಯಾವುದೋ ಹಳೆಯ ಹಾಡು ಹಾಕುತ್ತಾನೆ, ಹಾಕುವ ಮೊದಲು ಅದು ಹುಟ್ಟಿದ ಕಥೆ ಹೇಳುತ್ತಾನೆ. ಯಾವ ಗಾಯಕಿಯ ಗಂಡ ಯಾವತ್ತು ಬಿಟ್ಟುಹೋದ, ಯಾವಳು ಜ್ವರದಲ್ಲಿ ನಡುಗುತ್ತಾ ಮೈಕಿನ ಮುಂದೆ ನಿಂತಳು ಎಂಬುದೆಲ್ಲ ಪಕ್ಕದಲ್ಲೇ ಇದ್ದು ಕಂಡವನ ಹಾಗೆ ಬಣ್ಣಿಸುತ್ತಾನೆ. ಅದರಲ್ಲಿ ನಿಜ ಎಷ್ಟು, ಒಗ್ಗರಣೆ ಎಷ್ಟು ಎಂದು ಕೇಳಿದವರಿಲ್ಲ. "ಸ್ಟ್ಯಾಂಡರ್ಡ್ ಅಂದ್ರೆ ಏನು? ಒಂದೇ ಹಾಡನ್ನ ನೂರು ಜನ ಹಾಡಿರ್ತಾರೆ. ಅದ್ರಲ್ಲಿ ಒಬ್ಬರ ರೆಕಾರ್ಡಿಂಗ್ ಮಾತ್ರ ಉಳ್ಕೊಳ್ಳುತ್ತೆ. ಯಾಕೆ? ಅವರಿಗೆ ಅವತ್ತು ಏಟು ಬಿದ್ದಿರುತ್ತೆ, ಅದಕ್ಕೆ," ಎನ್ನುವುದು ಅವನ ಸಿದ್ಧಾಂತ. ಏಟು ತಿನ್ನುವವರು ಯಾವಾಗಲೂ ಬೇರೆಯವರು, ಅದು ಬೇರೆ ಮಾತು.

ಸೌಂದರ್ಯಾ ಬಸವೇಶ್ವರನಗರದ ಮನೆಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುವವಳು. ವಚನ ಹಾಡಿಕೊಂಡು ಬೆಳೆದ ಹುಡುಗಿಗೆ ಕಾಲೇಜಿನಲ್ಲಿ ಜಾಝಿನ ಹುಚ್ಚು ಹತ್ತಿತು. "ಏನೇ ಅದು, ನಿದ್ದೆಗಣ್ಣಲ್ಲಿ ಹಾಡಿದಂಗೆ," ಎಂದು ಹಾಲವ್ವ ನಗುತ್ತಿದ್ದಳು. ಆದರೂ ಮಗಳು ಹಾಡುವಾಗ ಮಿಕ್ಸಿ ನಿಲ್ಲಿಸುತ್ತಿದ್ದಳು.

ಎರಡು ವರ್ಷದ ಹಿಂದೆ ಹಾಲವ್ವ ರಾಜಾಜಿನಗರದ ಆಸ್ಪತ್ರೆಯಲ್ಲಿದ್ದಳು. ಸುಧಾರಿಸಿಕೊಳ್ಳುತ್ತಿದ್ದಾಳೆ ಎಂದು ವೈದ್ಯರು ಹೇಳಿದ್ದರಿಂದ ಅಕ್ಕ ಜಗದಾಂಬಾಳನ್ನು ಅಲ್ಲಿ ಬಿಟ್ಟು ಸೌಂದರ್ಯಾ ಸ್ಟುಡಿಯೋಗೆ ಹೋದಳು. ಒಂದು ಹಳೆಯ ಸ್ಟ್ಯಾಂಡರ್ಡ್ ಹಾಡನ್ನು ಅವಳ ದನಿಯಲ್ಲಿ ಹೊರತರಬೇಕೆಂದು ಸೇತುರಾಮ ಬಹಳ ದಿನದಿಂದ ಹಿಂದೆ ಬಿದ್ದಿದ್ದ. ಹಾಡುವ ಕೋಣೆಯೊಳಗೆ ಫೋನ್ ಒಯ್ಯುವಂತಿಲ್ಲ, ಅವನ ಮೇಜಿನ ಮೇಲೆ ಇಟ್ಟು ಹೋಗಬೇಕು. ಇಟ್ಟು ಹೋದಳು. ಬೆಳಗಿನಿಂದ ಹಾಡಿ ಹಾಡಿ ಗಂಟಲು ಒಣಗಿದರೂ ಅವನು ಗಾಜಿನ ಆಚೆಯಿಂದ "ಇನ್ನೊಂದ್ ಸಲ ಅಮ್ಮಾ, ಬರ್ತಾ ಇದೆ," ಎನ್ನುತ್ತಲೇ ಇದ್ದ. ಕೊನೆಗೆ ಹೊರಗೆ ಕರೆದು ನೀರು ಕೊಟ್ಟು, ಭುಜ ತಟ್ಟಿ, ಆಮೇಲೆ ಆಸ್ಪತ್ರೆಯಿಂದ ಫೋನ್ ಬಂದಿತ್ತೆಂದು ಹೇಳಿದ. ಅವಳು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವ್ವನ ಮುಖ ಮುಚ್ಚಿದ್ದರು.

ಮಣ್ಣು ಮಾಡಿ ಬಂದ ಸಂಜೆಯೇ ಜಗದಾಂಬಾ ತಂಗಿಯನ್ನು ಹಿಡಿದು ಕೇಳಿದಳು. "ನಾನು ಫೋನ್ ಮಾಡಿ ಬಡ್ಕೊಂಡೆ. ಎತ್ತಿದವರು ಏನಂದ್ರು ಗೊತ್ತಾ? 'ಹೇಳಿದೀನಿ, ಹಾಡು ಮುಗಿಸಿ ಬರ್ತಾಳಂತೆ' ಅಂದ್ರು. ಹಾಡು ಮುಗಿಸ್ಕೊಂಡು ಬಂದ್ಯಾ?" ತನಗೆ ಯಾರೂ ಹೇಳಲಿಲ್ಲವೆಂದು ಸೌಂದರ್ಯಾ ಕಾಲು ಹಿಡಿದಳು. "ಅಷ್ಟು ದೊಡ್ಡೋರು ಯಾಕೆ ಸುಳ್ಳು ಹೇಳ್ತಾರೆ?" ಎಂದ ಅಕ್ಕ ಮತ್ತೆ ಮಾತಾಡಲಿಲ್ಲ. ಬಾಗಿಲು ತಟ್ಟಿದರೆ ತೆಗೆಯಲಿಲ್ಲ. ಹಬ್ಬಕ್ಕೆ ಕರೆಯಲಿಲ್ಲ, ಅವ್ವನ ವರ್ಷಾಬ್ದಿಕಕ್ಕೂ ಕರೆಯಲಿಲ್ಲ.

ಆಮೇಲೆ ಸೇತುರಾಮ ಅದನ್ನೇ ಕಥೆ ಮಾಡಿದ. ತಾಯಿ ಸಾಯುತ್ತಿದ್ದಾಳೆಂದು ಗೊತ್ತಿದ್ದೂ ಹಾಡು ಮುಗಿಸಿ ಎದ್ದ ಕಲಾವಿದೆ ಎಂದು ವಿಡಿಯೋ ಹಾಕಿದ. ಲಕ್ಷಾಂತರ ಜನ ನೋಡಿದರು. ಕೊನೆಯ ಸಾಲಿನಲ್ಲಿ ದನಿ ಒಡೆಯುವುದನ್ನು ಕೇಳಿ ಅತ್ತೆವು ಎಂದು ಬರೆದರು. ಅದು ಅಳುವೇ ಅಲ್ಲ, ಒಣಗಿದ ಗಂಟಲು. ಆ ಒಣಗಂಟಲಿನ ಹೆಸರಲ್ಲಿ ಅವಳಿಗೆ ಕಾರ್ಯಕ್ರಮಗಳು ಸಿಕ್ಕವು. ನಂಟರ ಗುಂಪಿನಲ್ಲಿ ಆ ವಿಡಿಯೋ ಓಡಾಡಿ ಅಕ್ಕನ ಅನುಮಾನಕ್ಕೆ ಮೊಹರು ಬಿತ್ತು. ಸೌಂದರ್ಯಾಳಿಗೆ ಬೇಕಿದ್ದದ್ದು ಹೆಸರಲ್ಲ, ಅಕ್ಕ. ಅಕ್ಕನ ಮುಂದೆ ಆ ಮನುಷ್ಯನ ಬಾಯಿಂದಲೇ ನಿಜ ಕಕ್ಕಿಸಬೇಕು ಎಂಬುದೊಂದನ್ನೇ ಅವಳು ಎದೆಯಲ್ಲಿ ಕಾವಿಗೆ ಕೂರಿಸಿದ್ದಳು.

ಹಾಗಾಗಿ ನೂರನೇ ಕಾರ್ಯಕ್ರಮಕ್ಕೆ ಅವನು ಕರೆದಾಗ ಒಪ್ಪಿಕೊಂಡಳು. "ಒಂದೇ ಆಸೆ ಸಾರ್. ನಮ್ಮಕ್ಕನ್ನ ನೀವೇ ಕರೀಬೇಕು. ಮುಂದಿನ ಸಾಲಲ್ಲಿ ಕೂರಿಸ್ಬೇಕು."

"ಅಯ್ಯೋ, ಅದಕ್ಕೇನಮ್ಮಾ! ಅಕ್ಕ ತಂಗಿ ಒಂದೇ ಹಾಲ್‌ನಲ್ಲಿ! ಜನ ಅತ್ತುಬಿಡ್ತಾರೆ," ಎಂದು ಅವನು ಹಿಗ್ಗಿದ.

ಕಾರ್ಯಕ್ರಮದ ದಿನ ಹೊಸಹಳ್ಳಿಯ ಸಣ್ಣ ಸಭಾಂಗಣ ತುಂಬಿತ್ತು. ಜಗದಾಂಬಾ ಮುಂದಿನ ಸಾಲಿನಲ್ಲಿ ಕುಳಿತಿದ್ದಳು, ತಂಗಿಯ ಕಡೆ ಕಣ್ಣೆತ್ತಲಿಲ್ಲ. ಸೇತುರಾಮ ಅಂಗಿಗೆ ಪುಟ್ಟ ಮೈಕು ಸಿಕ್ಕಿಸಿಕೊಂಡು ವೇದಿಕೆಗೆ ಹೊರಟವನು ತನ್ನ ಫೋನನ್ನು ಸೌಂದರ್ಯಾಳ ಕೈಗಿತ್ತ. "ಇದನ್ನ ಇಟ್ಕೊಂಡಿರಮ್ಮಾ. ಮನೆಯವಳು ಕೆಂಗೇರಿ ಆಸ್ಪತ್ರೇಲಿದಾಳೆ, ಸ್ಟೆಂಟ್ ಹಾಕಿದಾರೆ. ಏನಿಲ್ಲ, ಆರಾಮಿದಾಳೆ." ಪರದೆಯ ಪಕ್ಕ ಕುರ್ಚಿ ಹಾಕಿಕೊಂಡು ಅವಳು ಕುಳಿತಳು. ಹಾಡಲು ಕರೆದಾಗ ಹಾಡಬಾರದು, ಅವತ್ತು ಫೋನ್ ಎತ್ತಿದವನು ತನಗೆ ಯಾವಾಗ ಹೇಳಿದನೆಂದು ಎಲ್ಲರೆದುರು ಕೇಳಿಬಿಡಬೇಕು ಎಂದು ಲೆಕ್ಕ ಹಾಕಿದ್ದಳು. ಆದರೆ ಒಳಗೊಳಗೇ ಅಳುಕಿತ್ತು. ಮಾತಿನ ಮಲ್ಲ ಅವನು. ಅವಳ ಪ್ರಶ್ನೆಯನ್ನೂ ಕಣ್ಣೀರಿನ ಕಥೆ ಮಾಡಿ ಚಪ್ಪಾಳೆ ಗಿಟ್ಟಿಸಿಯಾನು.

ಅಷ್ಟರಲ್ಲಿ ಕೈಯಲ್ಲಿದ್ದ ಫೋನು ನಡುಗಿತು. ಕಶ್ಯಪ್ ಎಂದು ಹೆಸರು ಬಂತು, ಅವನ ಮಗ. ಅವಳು ಎತ್ತಲಿಲ್ಲ, ನೋಡುತ್ತಾ ಕುಳಿತಳು. ಇವನೂ ಕಥೆ ಮುಗಿಸಲಿ, ಚಪ್ಪಾಳೆ ತಟ್ಟಿಸಿಕೊಳ್ಳಲಿ, ನಾನೂ ನೀರು ಕೊಟ್ಟು ಭುಜ ತಟ್ಟಿ ಆಮೇಲೆ ಹೇಳುತ್ತೇನೆ ಎಂದುಕೊಂಡಾಗ ಅವಳಿಗೆ ಆದದ್ದು ಸಂತೋಷವೇ. ಫೋನು ನಿಂತಿತು, ಮತ್ತೆ ಶುರುವಾಯಿತು. ಈ ಸಲ ಕಿವಿಗಿಟ್ಟುಕೊಂಡಳು.

"ಅಪ್ಪಾ..."

"ಅಪ್ಪ ಸ್ಟೇಜ್ ಮೇಲಿದಾರೆ. ಹೇಳಪ್ಪಾ."

"ಆಂಟಿ, ಅಮ್ಮನಿಗೆ ಜಾಸ್ತಿ ಆಗಿದೆ. ಮತ್ತೆ ಐಸಿಯುಗೆ ಹಾಕಿದಾರೆ. ಅಪ್ಪ ಎಲ್ಲಿ ಅಂತ ಒಂದೇ ಸಮ ಕೇಳ್ತಿದಾರೆ. ಬೇಗ ಕಳಿಸಿ ಆಂಟಿ, ಪ್ಲೀಸ್."

ಆ ಹೆಂಗಸನ್ನು ಸೌಂದರ್ಯಾ ಒಮ್ಮೆಯೂ ನೋಡಿರಲಿಲ್ಲ. ಅವಳೇನು ತಪ್ಪು ಮಾಡಿದ್ದಳು? ಆದರೆ ಸೌಂದರ್ಯಾ ಕುರ್ಚಿಯಿಂದ ಎದ್ದದ್ದು ಬರೀ ಕನಿಕರದಿಂದಲ್ಲ. ಮುಚ್ಚಿಟ್ಟರೆ ಅವನಿಗೆ ನೋವಾದೀತು, ಅಷ್ಟೇ. ಎಲ್ಲರೆದುರು ಹೇಳಿದರೆ ಕಥೆಯೋ ಹೆಂಡತಿಯೋ ಎಂದು ಅವನು ಆರಿಸಿಕೊಳ್ಳಬೇಕಾಗುತ್ತದೆ.

ವೇದಿಕೆಯ ಮೇಲೆ ಸೇತುರಾಮ ದನಿ ತಗ್ಗಿಸಿದ್ದ. "ಫೋನ್ ಬಂತು. ನಾನೇ ಎತ್ತಿದೆ. ಗಾಜಿನ ಆಚೆ ಹೋಗಿ ಅವಳ ಕೈ ಹಿಡ್ದು ಹೇಳಿದೆ: ಅಮ್ಮಾ, ನಿನ್ನ ತಾಯಿ... ಅವಳು ಕಣ್ಣು ಒರೆಸ್ಕೊಂಡು ಏನಂದಳು ಗೊತ್ತಾ?"

ಸೌಂದರ್ಯಾ ತನಗೆಂದು ಇಟ್ಟಿದ್ದ ಮೈಕು ತೆಗೆದುಕೊಂಡಳು. ಜನ ಅವಳನ್ನು ಕಂಡು ಚಪ್ಪಾಳೆ ತಟ್ಟಿದರು. ಅದು ನಿಲ್ಲುವವರೆಗೆ ಕಾದಳು.

"ಸಾರ್, ನಿಮ್ಮ ಮಗ ಫೋನ್‌ನಲ್ಲಿದಾನೆ. ನಿಮ್ಮ ಮನೆಯವರಿಗೆ ಜಾಸ್ತಿ ಆಗಿದೆಯಂತೆ, ಐಸಿಯುಗೆ ಹಾಕಿದಾರಂತೆ, ಈಗ್ಲೇ ಬರ್ಬೇಕಂತೆ. ಏನ್ ಹೇಳ್ಲಿ? 'ಹೇಳಿದೀನಿ, ಕಥೆ ಮುಗಿಸಿ ಬರ್ತಾರಂತೆ' ಅಂತ ಹೇಳ್ಲಾ?"

ಸೇತುರಾಮನ ಮುಖ ಸುಣ್ಣವಾಯಿತು. ಫೋನಿನ ಬದಲು ಅವಳ ಮುಖವನ್ನೇ ನೋಡಿದ. "ಯಾವಾಗ ಬಂತು? ಎಷ್ಟೊತ್ತಾಯ್ತು? ಹೇಳ್ದೆ ಮುಚ್ಚಿಟ್ಕೊಂಡು ಕೂತಿದ್ಯಾ ನೀನು?" ಎಂದು ಅವಳ ತೋಳು ಹಿಡಿದು ಅಲುಗಿಸಿದ. "ಅವತ್ತು ನಾನು ನಿನಗೆ ಹೇಳ್ಲಿಲ್ಲ ಅಂತ ಇವತ್ತು ನೀನು ನನಗೆ ಹಿಂಗ್ ಮಾಡ್ತೀಯಾ?"

ಅಂಗಿಗೆ ಸಿಕ್ಕಿಸಿದ್ದ ಮೈಕು ಒಂದಕ್ಷರವನ್ನೂ ಬಿಡದೆ ಸಭಾಂಗಣದ ಮೂಲೆಮೂಲೆಗೆ ಮುಟ್ಟಿಸಿತು. ತಾನು ಏನಂದೆ ಎಂಬುದು ಅವನಿಗೂ ಕೇಳಿಸಿತು. ಫೋನು ಕಿತ್ತುಕೊಂಡು "ಬಂದೆ ಕಣೋ, ಬಂದೆ, ಅಮ್ಮಂಗೆ ಹೇಳು," ಎನ್ನುತ್ತಾ ಮೆಟ್ಟಿಲಿಳಿದು ಓಡಿದ. "ಮೈಸೂರ್ ರೋಡ್ ಜಾಮ್ ಇದೆ, ಮೆಟ್ರೋ ಹತ್ತಿ ಸಾರ್!" ಎಂದು ಹಿಂದಿನಿಂದ ಯಾರೋ ಕೂಗಿದರು. ಕಲಾವಿದರು ಮೊದಲು ಹಾಡು ಮುಗಿಸುತ್ತಾರೆ ಎಂದು ಊರಿಗೆಲ್ಲ ಸಾರಿದವನು ಕಥೆಯನ್ನು ಅರ್ಧಕ್ಕೇ ಬಿಟ್ಟು ಹೋದ.

"ನನಗೆ ಯಾರೂ ಹೇಳಿರ್ಲಿಲ್ಲ," ಎಂದಳು ಸೌಂದರ್ಯಾ ಮೈಕಿನಲ್ಲಿ. "ಹೇಳಿದ್ರೆ ನಾನೂ ಹಿಂಗೇ ಓಡ್ತಿದ್ದೆ." ಮೈಕು ಕೆಳಗಿಟ್ಟಳು. ಕ್ಯಾಮೆರಾದವನು ಸೇತುರಾಮನ ಖಾಲಿ ಜಾಗವನ್ನೇ ಚಿತ್ರಿಸುತ್ತಾ ನಿಂತಿದ್ದ. ಅವಳಿಗೆ ಮೈಯೆಲ್ಲ ಹಗುರಾಯಿತು. ಹೊಟ್ಟೆ ತುಂಬಿತು, ನಿಜವಾಗಿಯೂ ತುಂಬಿತು.

ಜಗದಾಂಬಾ ಎದ್ದು ವೇದಿಕೆಯ ಅಂಚಿಗೆ ಬಂದಳು. ಸೌಂದರ್ಯಾ ಕೆಳಗಿಳಿದು ಅವಳೆದುರು ನಿಂತಳು.

"ನಿಂಗೆ ಗೊತ್ತೇ ಇರ್ಲಿಲ್ವೇನೇ?"

"ಇಲ್ಲ ಅಕ್ಕ. ಅವತ್ತೇ ಹೇಳ್ದೆ ನಿಂಗೆ."

ಜಗದಾಂಬಾ ತಂಗಿಯ ಎರಡೂ ಕೈ ಹಿಡಿದುಕೊಂಡಳು. "ಅವ್ವ ಬಾಗಿಲ ಕಡೇನೇ ನೋಡ್ತಿದ್ಲು ಕಣೇ. ಸೌಂದ್ರಿ ಬಂದ್ಲಾ, ಬಂದ್ಲಾ ಅಂತಿದ್ಲು. ನಾನು ಫೋನಿಟ್ಟು ಅವರಂದಿದ್ದನ್ನೇ ಅವ್ವಂಗೆ ಹೇಳ್ಬಿಟ್ಟೆ. ಹಾಡು ಮುಗಿಸಿ ಬರ್ತಾಳಂತೆ ಅಂತ."

"ಅವ್ವ ಏನಂದ್ಲು?"

"ಮುಗಿಸ್ಲಿ ಬಿಡು, ಅಂದ್ಲು. ಹಂಗಂದು ಗೋಡೆ ಕಡೆ ತಿರುಗಿ ಮಲಗಿದ್ಲು."

ಜಗದಾಂಬಾ ಅವಳನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತಳು. ಎರಡು ವರ್ಷದಿಂದ ಬೇಕಿದ್ದ ಅಕ್ಕ ಎದೆಗೆ ಸಿಕ್ಕಿದ್ದಳು, ಆದರೆ ಸೌಂದರ್ಯಾಳಿಗೆ ಅಳು ಬರಲಿಲ್ಲ. ಸೇತುರಾಮ ಇಷ್ಟು ಹೊತ್ತಿಗೆ ಮೆಟ್ರೋ ಹತ್ತಿರುತ್ತಾನೆ, ಕೆಂಗೇರಿ ಮುಟ್ಟುತ್ತಾನೆ, ಅವನ ಹೆಂಡತಿ ಅವನ ಮುಖ ನೋಡುತ್ತಾಳೆ. ಅಕ್ಕನ ಬೆನ್ನು ಸವರುತ್ತಾ ಅವಳು ಬಾಗಿಲ ಕಡೆ ನೋಡಿದಳು. ಆ ಎರಡನೇ ಸಲದ ಫೋನನ್ನೂ ಎತ್ತಬಾರದಿತ್ತು ಎಂದು ಅವಳಿಗೆ ಅನ್ನಿಸಿತು.