ಮಾವಿಲ್ಲದ ಚಿತ್ರ

ಆ ಬೇಸಗೆ ಕೊಂಕಣದ ದೇವಗಡದ ಕಡೆಯ ತಾಂಬಳವಾಡಿಯಲ್ಲಿ, ತಾತ್ಯಾ ಮುಣಗೇಕರರ ತಗಡಿನ ಷೆಡ್ಡಿನಲ್ಲಿ, ಹಾಪೂಸ್ ಮಾವನ್ನು ತಿನ್ನುವವರಿಗಿಂತ ಹೆಚ್ಚುವವರೇ ಹೆಚ್ಚಾಗಿದ್ದರು. ಹೆಂಗಸರು ಈಳಿಗೆಮಣೆ ಹಾಕಿಕೊಂಡು ಸಾಲಾಗಿ ಕುಳಿತು, ಅಡೆಯಿಂದ ತೆಗೆದ ಹಣ್ಣನ್ನು ಎರಡು ಹೋಳು ಮಾಡಿ "ಚಲೋ" ಎಂದೋ "ಸಾಕಾ" ಎಂದೋ ಕೂಗುವುದು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡ ಮೃಣ್ಮಯಿ ಗವಾಣಕರ ಹಣ್ಣಿಗೆ ಅಂಟಿಸಿದ ಸಂಖ್ಯೆಯ ಎದುರು ಆ ಮಾತನ್ನು ಕಂಪ್ಯೂಟರಿಗೆ ತುಂಬುವುದು. ಸಾಕಾ ಎಂದರೆ ಹಾಪೂಸಿಗೆ ಅಂಟಿದ ಶಾಪ. ಹೊರಗೆ ಚಿನ್ನದ ಬಣ್ಣ, ಮೂಗಿಗೆ ಹಿಡಿದರೆ ಘಮಘಮ. ಹೆಚ್ಚಿದರೆ ವಾಟೆಯ ಸುತ್ತ ಬಿಳಿಚಿಕೊಂಡ, ಹುಳಿ ನಾರುವ, ಬೆಂಡಿನಂಥ ತಿರುಳು. ನೋಡಿ, ಮೂಸಿ, ತಟ್ಟಿ, ಏನು ಮಾಡಿದರೂ ಹೊರಗಿನಿಂದ ಯಾರಿಗೂ ಅದು ತಿಳಿಯುವುದಿಲ್ಲ.

ಮೃಣ್ಮಯಿ ಪುಣೆಯ ಒಂದು ಪ್ರಯೋಗಾಲಯದ ಭೌತವಿಜ್ಞಾನಿ. ವಯಸ್ಸು ನಲವತ್ತರ ಹತ್ತಿರ. ಕುಡಾಳದಲ್ಲಿ ಹುಟ್ಟಿ ಬೆಳೆದವಳಾದ್ದರಿಂದ ಘಟ್ಟ ಇಳಿದ ಕೂಡಲೇ ಅವಳ ಮಾತು ತಾನಾಗಿ ಊರಿನ ಕಡೆಗೆ ಹೊರಳುತ್ತಿತ್ತು. ಹಣ್ಣನ್ನು ಕೊಯ್ಯದೆ ಅದರ ಹೊಟ್ಟೆಯೊಳಗಿನದನ್ನು ಹೇಳುವ ಯಂತ್ರವೊಂದನ್ನು ಮಾಡಲು ಅವಳು ಮತ್ತು ಅವಳ ಮೇಲಿನವರಾದ ಫಾಟಕ್ ಸರ್ ವರ್ಷಗಟ್ಟಲೆ ಒದ್ದಾಡಿದ್ದರು. ಕಬ್ಬಿಣದ ಕಪಾಟಿನಷ್ಟು ದೊಡ್ಡ, ಸೀಸದ ಹೊದಿಕೆಯ ಪೆಟ್ಟಿಗೆ. ಒಳಗಿನ ತಟ್ಟೆಯ ಮೇಲೆ ಹಣ್ಣಿಟ್ಟು ಬಾಗಿಲು ಮುಚ್ಚಿದರೆ ಮೆಲುವಾದ ಎಕ್ಸ್-ರೇ ಹಾಯ್ದು ಪರದೆಯ ಮೇಲೆ ಬೂದು ಬಣ್ಣದ ಚಿತ್ರ ಮೂಡುತ್ತಿತ್ತು. ಆ ಮಂಕು ಚಿತ್ರದಲ್ಲಿ ಸಾಕಾ ಇದೆಯೋ ಇಲ್ಲವೋ ಎಂದು ಮನುಷ್ಯರ ಕಣ್ಣು ಧೈರ್ಯವಾಗಿ ಹೇಳಲಾರದು. ಇದು ಒಳ್ಳೆಯದು, ಇದು ಕೆಟ್ಟದ್ದು ಎಂದು ಸಾವಿರಾರು ಚಿತ್ರ ತೋರಿಸಿ ಕಂಪ್ಯೂಟರಿಗೆ ಕಲಿಸಬೇಕು. ಕಲಿಸಬೇಕಾದರೆ ಕಲಿಸುವವರಿಗೆ ಮೊದಲು ಸತ್ಯ ಗೊತ್ತಿರಬೇಕು. ಅದಕ್ಕೆ ಚಿತ್ರ ತೆಗೆದ ಹಣ್ಣನ್ನೇ ಅಡೆ ಹಾಕಿ, ಮಾಗಿಸಿ, ಹೆಚ್ಚಲೇಬೇಕು.

ಒಂದನೇ ದರ್ಜೆಯ ಹಾಪೂಸನ್ನು ಹಾಗೆ ಹೆಚ್ಚಿ ಗುಡ್ಡೆ ಹಾಕಲು ಯಾವ ತೋಟದವರು ಒಪ್ಪುತ್ತಾರೆ? ಯಾರೂ ಒಪ್ಪಲಿಲ್ಲ. ತಾತ್ಯಾ ಒಪ್ಪಿದರು. ಯಾಕೆಂದು ಮೃಣ್ಮಯಿ ಕೇಳಿದ್ದಳು.

"ನಮ್ಮ ಮನಿಯಾಕಿ ಕಣ್ಣು ಉಳಿಸಿದ ಡಾಕ್ಟರು ಮುಂಬೈದಾಗ ಅದಾರ," ಎಂದಿದ್ದರು ತಾತ್ಯಾ. "ಮರದಾಗಿನ ಹಣ್ಣು ನಾನಽ ಆರಿಸಿ ಒಂದು ಪೇಟಿ ಕಳಿಸಿದ್ದೆ. ಅರ್ಧಕ್ಕರ್ಧ ಸಾಕಾ ಅಂತ. ಡಾಕ್ಟರು ಹೇಳ್ಲಿಲ್ಲ, ಅವರ ಕಂಪೌಂಡರ್ ಹೇಳಿದ. ಡಾಕ್ಟರು ಎರಡು ಮಾತು ಬೈದಿದ್ರ ನನಗ ನಿದ್ದಿ ಬರ್ತಿತ್ತವ್ವ. ಹಣ್ಣು ಭಾಳ ಸೀ ಇದ್ವು ಅಂತ ಫೋನ್ ಮಾಡಿದ್ರು."

ಕೆಲಸ ಶುರುವಾದ ಮೇಲೆ ಒಂದು ವಿಚಿತ್ರ ಕೊರತೆ ಎದುರಾಯಿತು. ಡಾಕ್ಟರಿಗೆ ಹೋದ ಪೇಟಿಯ ಕಥೆ ಹಾಗಿದ್ದರೂ, ಆ ವರ್ಷ ತಾತ್ಯಾರ ತೋಟದಲ್ಲಿ ಕೆಟ್ಟ ಹಣ್ಣು ಕಡಿಮೆ. ಕಂಪ್ಯೂಟರಿಗೆ ಎರಡನ್ನೂ ಬೇಕಾದಷ್ಟು ತೋರಿಸದಿದ್ದರೆ ಅದು ಕಲಿಯುವುದಿಲ್ಲ. ತಾತ್ಯಾರ ಹೆಂಡತಿ ವತ್ಸಲಾ ಕಾಕು ತನ್ನ ಅಣ್ಣನಿಗೆ ಹೇಳಿಕಳಿಸಿದರು. ಅವನ ತೋಟ ಮಿಠಬಾವದ ಕಡೆ ಕಾದ ಬಂಡೆಯ ಮೇಲೆ. ಸಾಕಾಕ್ಕೆ ಹೆಸರಾದ ಜಾಗ. ಅಲ್ಲಿಂದ ದಿನವೂ ಊಟದ ಹೊತ್ತು ಕಳೆದ ಮೇಲೆ ಟೆಂಪೋ ಬರತೊಡಗಿತು. ಕೆಟ್ಟ ಹಣ್ಣಿನ ಕೊರತೆ ತೀರಿತು. ಹೆಚ್ಚುವ ಹೆಂಗಸರು ಒಳ್ಳೆಯ ಹೋಳುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಹೋಗಿ, "ನಮ್ಮ ಮನ್ಯಾಗ ಮಕ್ಕಳು ಹಾಪೂಸ್ ಕಂಡ್ರ ಓಡಿಹೋಗ್ತಾವ" ಎಂದು ನಗುವಂತಾಯಿತು.

ಚಿತ್ರಗಳನ್ನೆಲ್ಲ ಹೊತ್ತು ಮೃಣ್ಮಯಿ ಪುಣೆಗೆ ಮರಳಿದಳು. ಕಂಪ್ಯೂಟರು ಕಲಿತು ಮುಗಿಸಿದಾಗ, ಅದು ಮೊದಲು ನೋಡಿರದ ಚಿತ್ರಗಳನ್ನು ಕೊಟ್ಟು ಪರೀಕ್ಷಿಸಿದರು. ನೂರಕ್ಕೆ ತೊಂಬತ್ತಾರು ಸರಿ. ಫಾಟಕ್ ಸರ್ ಕುರ್ಚಿಯಿಂದೆದ್ದು ಕಿಟಕಿಯ ಹತ್ತಿರ ಹೋಗಿ, ಯಾರಿಗೂ ಕಾಣದಂತೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಿವೃತ್ತಿಗೆ ಮುಂಚೆ ಒಂದಾದರೂ ಕೆಲಸ ಜನರ ಕೈಗೆ ಮುಟ್ಟಲಿ ಎಂಬುದು ಅವರ ಆಸೆ. ಮರುದಿನವೇ, ಮುಂದಿನ ಬುಧವಾರಕ್ಕೆ ದೇವಗಡದಲ್ಲಿ ಪ್ರದರ್ಶನ ಗೊತ್ತುಮಾಡಿದರು. ಹಣ್ಣು ಹೊರದೇಶಕ್ಕೆ ಕಳಿಸುವ ವ್ಯಾಪಾರಿಗಳು, ಅಧಿಕಾರಿಗಳು, ಪತ್ರಿಕೆಯವರು, ಎಲ್ಲರಿಗೂ ಕರೆ ಹೋಯಿತು.

ಮೃಣ್ಮಯಿಗೂ ಖುಷಿಯಾಗಿತ್ತು. ಆದರೆ ಅವಳಿಗೆ ಒಂದು ಗೀಳು: ಉತ್ತರ ಬಂದರೆ ಸಾಲದು, ಅದು ಎಲ್ಲಿಂದ ಬಂತು ಎಂದೂ ಗೊತ್ತಾಗಬೇಕು. ಹಣ್ಣಿನ ಯಾವ ಭಾಗವನ್ನು ನೋಡಿ ಯಂತ್ರ ತೀರ್ಮಾನಿಸುತ್ತಿದೆ? ತೊಟ್ಟಿನ ಕಡೆಯೋ, ವಾಟೆಯ ಸುತ್ತಲೋ? ಪ್ರದರ್ಶನದಲ್ಲಿ ಯಾರಾದರೂ ಕೇಳಿದರೆ ಹೇಳಲು ಬೇಕೆಂದು, ಒಂದು ಮಧ್ಯಾಹ್ನ ಚಹಾ ಕುಡಿಯುತ್ತ, ಚಿತ್ರಗಳಲ್ಲಿ ಹಣ್ಣಿನ ಒಂದೊಂದೇ ಭಾಗಕ್ಕೆ ಕಪ್ಪು ಬಳಿದು ಪರೀಕ್ಷಿಸಿದಳು. ತೊಟ್ಟು ಮುಚ್ಚಿದಳು, ಉತ್ತರ ಕೆಡಲಿಲ್ಲ. ಬುಡ ಮುಚ್ಚಿದಳು, ಕೆಡಲಿಲ್ಲ. ವಾಟೆ ಮುಚ್ಚಿದಾಗಲಾದರೂ ಕೆಡಬೇಕಿತ್ತು. ಕೊನೆಗೆ ಇಡೀ ಹಣ್ಣನ್ನೇ ಕಪ್ಪು ಮಾಡಿದಳು. ಚಿತ್ರದಲ್ಲಿ ಉಳಿದದ್ದು ಸುತ್ತಲಿನ ಖಾಲಿ ಬೂದು ಬಣ್ಣ ಮಾತ್ರ.

ನೂರಕ್ಕೆ ತೊಂಬತ್ತಮೂರು ಸರಿ.

ಚಹಾ ಲೋಟ ಕೈಯಲ್ಲೇ ತಣ್ಣಗಾಯಿತು. ಮತ್ತೆ ಮತ್ತೆ ಓಡಿಸಿದಳು, ಅದೇ ಉತ್ತರ. ಮಾವಿಲ್ಲದ ಚಿತ್ರ ನೋಡಿ ಯಂತ್ರ ಮಾವು ಕೆಟ್ಟಿದೆ ಎನ್ನುತ್ತಿತ್ತು, ಅದೂ ಸರಿಯಾಗಿ.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ತಾತ್ಯಾರ ತೋಟದ ಒಳ್ಳೆಯ ಹಣ್ಣಿನ ಚಿತ್ರ ತೆಗೆದದ್ದು ಬೆಳಗಿನ ತಂಪಿನಲ್ಲಿ. ಕೆಟ್ಟ ಹಣ್ಣು ಹೆಚ್ಚಾಗಿ ಬಂದದ್ದು ಮಿಠಬಾವದ ಟೆಂಪೋದಲ್ಲಿ, ಮಧ್ಯಾಹ್ನ. ಅಷ್ಟು ಹೊತ್ತಿಗೆ ತಗಡಿನ ಷೆಡ್ಡು ಒಲೆಯಂತೆ ಕಾದು, ಪೆಟ್ಟಿಗೆಯೂ ಬಿಸಿಯೇರಿ, ಖಾಲಿ ಜಾಗದ ಬೂದು ಬಣ್ಣ ಕೂದಲೆಳೆಯಷ್ಟು ತಿಳಿಯಾಗುತ್ತಿತ್ತು. ಮನುಷ್ಯರ ಕಣ್ಣಿಗೆ ಸಿಗದ ವ್ಯತ್ಯಾಸ. ಯಂತ್ರಕ್ಕೆ ಅದೇ ಸುಲಭದ ದಾರಿ. ಅದು ಹಣ್ಣನ್ನು ಕಲಿತೇ ಇರಲಿಲ್ಲ. ಬೆಳಗು ಮಧ್ಯಾಹ್ನಗಳನ್ನು ಕಲಿತಿತ್ತು.

ಮೃಣ್ಮಯಿ ಎಲ್ಲವನ್ನೂ ಫಾಟಕ್ ಸರ್ ಅವರಿಗೆ ಪರದೆಯ ಮೇಲೆ ತೋರಿಸಿದಳು.

"ಪ್ರದರ್ಶನ ಮುಗೀಲಿ ಮೃಣ್ಮಯಿ," ಎಂದರು ಅವರು. "ಆಮೇಲೆ ಸರಿ ಮಾಡ್ಕೊಂಡ್ರಾಯ್ತು. ಬುಧವಾರ ಒಂದು ದಿನದ ಮಾತು. ಒಳ್ಳೇ ಹಣ್ಣು ಬೆಳಿಗ್ಗೆ ತೋರಿಸೋಣ..."

ಮಾತು ಅಲ್ಲಿಗೇ ನಿಂತಿತು. ತಾನು ಏನು ಹೇಳುತ್ತಿದ್ದೇನೆಂದು ಅವರಿಗೇ ಕೇಳಿಸಿತ್ತು.

"ಸರ್, ಅದನ್ನ ನಂಬಿ ಯಾರಾದ್ರೂ ಯಂತ್ರ ತಗೊಂಡ್ರೆ?" ಎಂದಳು ಮೃಣ್ಮಯಿ. "ಮಧ್ಯಾಹ್ನ ಬಂದ ಒಳ್ಳೇ ಹಣ್ಣೂ ಕಸಕ್ಕೆ ಹೋಗುತ್ತೆ. ಬೆಳಿಗ್ಗೆ ಬಂದ ಕೆಟ್ಟದ್ದೆಲ್ಲ ದುಬೈಗೆ ಹೋಗುತ್ತೆ."

"ನೀವು ಆ ಕಪ್ಪು ಬಳಿಯೋ ಕೆಲಸ ಮಾಡ್ದೇ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ, ಅಲ್ವಾ?"

"ಗೊತ್ತಾಗ್ತಿತ್ತು ಸರ್. ಬೇರೆಯವರ ಬಾಯಿಂದ."

ಫಾಟಕ್ ಸರ್ ಕನ್ನಡಕ ಮೇಜಿನ ಮೇಲಿಟ್ಟರು. ನಂತರ ಫೋನು ಹತ್ತಿರಕ್ಕೆ ಎಳೆದುಕೊಂಡರು. "ಕರೆದವರಿಗೆಲ್ಲ ನಾನು ಹೇಳ್ತೀನಿ. ಬೈಸ್ಕೊಳ್ಳೋದು ನನ್ನ ಸಂಬಳದಲ್ಲೇ ಸೇರಿದೆ. ಆದ್ರೆ ತಾತ್ಯಾಗೆ ನೀವೇ ಹೇಳ್ಬೇಕು. ಫೋನಲ್ಲಿ ಬೇಡ, ಹೋಗಿ ಹೇಳಿ."

ಗಗನಬಾವಡಾ ಘಟ್ಟದ ತಿರುವುಗಳಲ್ಲಿ ಬಸ್ಸು ಇಳಿಯುವಾಗ ಮೃಣ್ಮಯಿ ಹೇಳಬೇಕಾದ ಮಾತನ್ನು ಹತ್ತು ಬಗೆಯಲ್ಲಿ ಕಟ್ಟಿ ನೋಡಿದಳು. ಒಂದೂ ನೆಟ್ಟಗಾಗಲಿಲ್ಲ. ಬೆಳಗಿನ ತಂಪು ಕಳೆಯುವ ಮುಂಚೆ ತಾಂಬಳವಾಡಿ ತಲುಪಿದಳು. ಮಾತು ಬಿಟ್ಟು ತೋರಿಸುವುದೇ ಒಳ್ಳೆಯದೆಂದು ತಾತ್ಯಾರನ್ನೂ ಕಾಕುವನ್ನೂ ಷೆಡ್ಡಿಗೆ ಕರೆದಳು. ಅಲ್ಲೇ ಬಿಟ್ಟುಹೋಗಿದ್ದ ಪೆಟ್ಟಿಗೆಗೆ ಕಲಿತ ಕಂಪ್ಯೂಟರು ಜೋಡಿಸಿ, ಒಳಗೆ ಬರಿಯ ತಟ್ಟೆ ಇಟ್ಟು ಬಾಗಿಲು ಹಾಕಿದಳು. ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು: ಒಳ್ಳೆಯದು.

"ಒಳಗ ಏನೂ ಇಲ್ಲಲ್ಲ!" ಎಂದರು ತಾತ್ಯಾ.

"ಇಲ್ಲ ತಾತ್ಯಾ. ಊಟ ಆದ ಮ್ಯಾಲೆ ಮತ್ತೊಂದು ಸಲ ನೋಡೋಣು."

ಮಧ್ಯಾಹ್ನ ತಗಡು ಕಾದು ಚಟಚಟ ಎನ್ನುತ್ತಿರುವಾಗ ಅದೇ ಬರಿಯ ತಟ್ಟೆಯನ್ನು ಮತ್ತೆ ಇಟ್ಟಳು. ಕೆಂಪು ಅಕ್ಷರ ಮೂಡಿತು: ಸಾಕಾ.

ತಾತ್ಯಾ ಹೊಟ್ಟೆ ಹಿಡಿದುಕೊಂಡು ನಕ್ಕರು. "ಎಲಾ ಇದರ! ಮುಂಜಾನೆ ಒಂದು, ಮಧ್ಯಾಹ್ನ ಒಂದು! ನಮ್ಮ ಸರಪಂಚಗ ತಮ್ಮ ಸಿಕ್ಕಂಗಾತು ನೋಡು." ನಗುತ್ತ ನಗುತ್ತಲೇ ಅವರ ಮುಖ ಬದಲಾಯಿತು. "ಅಂದ್ರ... ಇಷ್ಟು ದಿನ ನಾವು ಹೆಚ್ಚಿದ್ದು?"

ಮೃಣ್ಮಯಿ ಎಲ್ಲ ಹೇಳಿದಳು. ಟೆಂಪೋ, ಬಿಸಿ, ಬೂದು ಬಣ್ಣ. ಎರಡೂ ತೋಟದ ಹಣ್ಣನ್ನು ಮೊದಲೇ ಬೆರೆಸಿ ಇಡಬೇಕಿತ್ತು, ತನಗೆ ಹೊಳೆಯಲಿಲ್ಲ ಎಂದಳು. ತಾತ್ಯಾ ಕೊನೆಯವರೆಗೂ ಕೇಳಿಸಿಕೊಂಡು, ಚಪ್ಪಲಿ ಮೆಟ್ಟಿ ತೋಟದ ಕಡೆ ನಡೆದರು.

"ಬೈದ್ರ ಚಲೋ ಇತ್ತು," ಎಂದಳು ಮೃಣ್ಮಯಿ.

"ಬೈಯೂ ಮನಷಾ ಅಲ್ಲ ಅಂವ. ಸಿಟ್ಟು ಬಂದ್ರ ಗಿಡದ ಬುಡಾ ಕೆದರ್ತಾನ. ಅದಕ್ಕಽ ನಮ್ಮ ತೋಟ ಇಷ್ಟು ಚಂದ ಐತಿ," ಎಂದು ಕಾಕು ಅವಳ ಮುಂದೆ ಕೋಕಂ ಹುಳಿಯ ತಂಪು ಸೋಲ್‌ಕಢಿಯ ಲೋಟ ಇಟ್ಟರು. "ನನಗೂ ಸಿಟ್ಟು ಬಂದೈತಿ, ತಿಳೀತೇನ? ಕೈ ಉಳುಕುವಂಗ ಹೆಚ್ಚೇವಿ. ಆದ್ರ ನೀ ಬಂದು ಹೇಳಿದಿ. ಕುಡಿ."

ಸಂಜೆ ತಾತ್ಯಾ ಮೈಯೆಲ್ಲ ಕೆಂಪು ಮಣ್ಣಾಗಿ ಬಂದರು. ಬಾವಿಕಟ್ಟೆಯಲ್ಲಿ ಕಾಲು ತೊಳೆಯುತ್ತ, ಅವಳ ಕಡೆ ನೋಡದೆಯೇ ಕೇಳಿದರು: "ತೆಗೆದ ಚಿತ್ರ ಎಲ್ಲಾ ಕಸಾನಽ?"

"ಕಸ ಅಲ್ಲ. ಬಣ್ಣದ ಹೆಚ್ಚುಕಮ್ಮಿ ತೆಗೆದುಹಾಕಬಹುದು. ಆದ್ರ ಮುಂಜಾನೆದು ಮಧ್ಯಾಹ್ನದ್ದು ಬೆರೆಸಿ ತೆಗೆದ ಚಿತ್ರ ಒಂದಿಷ್ಟು ಬೇಕು. ಅದು ಮುಂದಿನ ವರ್ಷ ನೋಡೋಣು ತಾತ್ಯಾ. ನಿಮ್ಮನ್ನ ಮತ್ತ ಕೇಳಾಕ ನನಗ ಬಾಯಿಲ್ಲ."

"ಮುಂದಿನ ವರ್ಷ ಯಾಕ? ಕೆಳಗಿನ ಗಿಡದಾಗ ಹಿಂಗಾರಿ ಹಣ್ಣು ಅದಾವು. ಮಳಿ ಬಿದ್ರ ಅವನ್ನ ಯಾರೂ ಮೂಸಿ ನೋಡಂಗಿಲ್ಲ. ಮಿಠಬಾವದಾಗೂ ಉಳದಾವು." ಟವೆಲ್ಲಿನಿಂದ ಮುಖ ಒರೆಸಿಕೊಂಡು ಈಗ ಅವಳನ್ನು ನೋಡಿದರು. "ಆದ್ರ ಈ ಸಲ ಹೆಂಗ ಮಾಡ್ತಿ, ಅದು ಹೇಳು ಮೊದಲ."

ಯಾವ ಹಣ್ಣನ್ನು ಯಾವಾಗ ಪೆಟ್ಟಿಗೆಗೆ ಇಡಬೇಕೆಂದು ಯಾರೂ ಮನಸ್ಸಿನಿಂದ ಆರಿಸಬಾರದು ಎಂದಳು ಮೃಣ್ಮಯಿ. ಮನಸ್ಸು ಆರಿಸಿದರೆ ಎಲ್ಲೋ ಒಂದು ಅಭ್ಯಾಸ ನುಸುಳುತ್ತದೆ, ಯಂತ್ರ ಅದನ್ನೇ ಹಿಡಿಯುತ್ತದೆ. ಚೀಟಿ ಎತ್ತಬೇಕು, ಇಲ್ಲವೇ ಇಸ್ಪೀಟು ಕಲಸಬೇಕು. ಇಸ್ಪೀಟೆಂದ ಕೂಡಲೇ ಕಾಕುವಿನ ಕಣ್ಣು ಹೊಳೆಯಿತು. ಊರಿನ ಹೆಂಗಸರಲ್ಲಿ ರಮ್ಮಿಗೆ ಕುಳಿತು ಅವರನ್ನು ಸೋಲಿಸಿದವರು ಕಡಿಮೆ.

ಮರುದಿನದಿಂದ ಷೆಡ್ಡಿನ ಬಾಗಿಲಲ್ಲಿ ಕಾಕುವಿನ ಅಧಿಕಾರ. ಎರಡೂ ತೋಟದ ಹಣ್ಣು ಅಕ್ಕಪಕ್ಕ ಹರಡಿರುತ್ತಿದ್ದವು. ಪ್ರತಿ ಹಣ್ಣಿಗೂ ಕಾಕು ಒಂದೊಂದು ಎಲೆ ಎತ್ತುವುದು. ಕೆಂಪು ಬಂದರೆ ಬೆಳಗಿನ ಸರದಿ, ಕಪ್ಪು ಬಂದರೆ ಮಧ್ಯಾಹ್ನದ್ದು. ತಾತ್ಯಾ ಒಮ್ಮೆ, "ಇದು ಚಂದ ಐತಿ, ಮುಂಜಾನೆನಽ ಇಟ್ಟುಬಿಡ್ರಿ" ಎಂದು ಕೈ ಚಾಚಿದಾಗ ಕಾಕು ಆ ಕೈಗೆ ಇಸ್ಪೀಟು ಕಟ್ಟಿನಿಂದಲೇ ಒಂದು ಬಿಟ್ಟರು. "ಎಲಿ ಹೇಳಿದ್ದು ಆಗಬೇಕು. ಮ್ಯಾಡಮ್ಮಗೇ ಇಲ್ಲಿ ಮಾತಿಲ್ಲ, ನಿಮ್ಮದೇನು?"

ಹೆಂಗಸರು ಕೊನೆಯ ಅಡೆಯ ಹಣ್ಣು ಹೆಚ್ಚುತ್ತಿರುವಾಗಲೇ ಮೊದಲ ಮಳೆ ತಗಡಿನ ಮೇಲೆ ಬಿತ್ತು. "ಚಲೋ", "ಸಾಕಾ" ಎಂಬ ಕೂಗು ಮಳೆಯ ಸದ್ದಿನಲ್ಲಿ ಕೇಳಿಸದೆ, ಅವರು ಹೋಳುಗಳನ್ನು ಎತ್ತಿ ಹಿಡಿದು ಮೃಣ್ಮಯಿಗೆ ತೋರಿಸಬೇಕಾಯಿತು.

ಪುಣೆಯಲ್ಲಿ ಈ ಸಲ ಬಂದ ಉತ್ತರ ನೂರಕ್ಕೆ ಎಪ್ಪತ್ತೆರಡು. ಹಣ್ಣಿಗೆ ಕಪ್ಪು ಬಳಿದು ನೋಡಿದಾಗ ಅದು ಐವತ್ತರ ಸುತ್ತ ಬಿತ್ತು. ಅಂದರೆ ಕಣ್ಣು ಮುಚ್ಚಿ ಹೇಳಿದಂತೆ. ಹಾಗೆ ಬಿದ್ದದ್ದನ್ನು ಕಂಡು ಮೃಣ್ಮಯಿಗೆ ಆದ ಸಮಾಧಾನ ಮೊದಲಿನ ತೊಂಬತ್ತಾರನ್ನು ಕಂಡಾಗಲೂ ಆಗಿರಲಿಲ್ಲ. ಯಂತ್ರ ಈಗ ಹಣ್ಣನ್ನೇ ನೋಡುತ್ತಿತ್ತು. ಮಂಕಾಗಿ, ತಪ್ಪು ಮಾಡುತ್ತ, ಆದರೆ ಹಣ್ಣನ್ನೇ.

ವ್ಯಾಪಾರಿಗಳು ಎಪ್ಪತ್ತೆರಡನ್ನು ಕೇಳಿ ಫೋನಿಟ್ಟರು. ಪ್ರಯೋಗಾಲಯದ ಸಭೆಯಲ್ಲಿ ಒಬ್ಬರು, "ಕೆಲಸ ಮುಂದೆ ಹೋಗೋದು ಬಿಟ್ಟು ಹಿಂದೆ ಬಂತಲ್ಲ" ಎಂದು ಕುಟುಕಿದರು. ಫಾಟಕ್ ಸರ್ ತಲೆ ತಗ್ಗಿಸಲಿಲ್ಲ. ಎರಡೂ ಅಂಕಿಗಳನ್ನು, ನಡುವೆ ಆದ ತಪ್ಪಿನ ಸಮೇತ, ಬರೆದು ಪ್ರಕಟಿಸಿದರು. ಅದನ್ನು ಓದಿ ಎಲ್ಲೆಲ್ಲಿಂದಲೋ ಪತ್ರ ಬಂದವು; ಸೇಬಿನವರು, ಆಲೂಗಡ್ಡೆಯವರು, ಎದೆಯ ಎಕ್ಸ್-ರೇ ನೋಡುವವರು. ತಮ್ಮ ಚಿತ್ರಗಳಿಗೂ ಕಪ್ಪು ಬಳಿದು ನೋಡಿದೆವು ಎಂದು ಕೆಲವರು ಬರೆದಿದ್ದರು. ಏನು ಕಂಡಿತೆಂದು ಎಲ್ಲರೂ ಬರೆದಿರಲಿಲ್ಲ. ಮರು ವರ್ಷದ ಬೇಸಗೆಗೆ ಮುಂಚೆಯೇ ಸರ್ ನಿವೃತ್ತರಾದರು. ಅವರು ಅಂದುಕೊಂಡ ಯಂತ್ರ ಯಾರ ಕೈಗೂ ಮುಟ್ಟಿರಲಿಲ್ಲ.

ಮಾಘದ ಚಳಿಯಲ್ಲಿ ಒಂದು ಬೆಳಗ್ಗೆ ತಾತ್ಯಾರ ಫೋನು ಬಂತು. ಗಿಡಗಳು ಈ ವರ್ಷ ಮೈತುಂಬ ಹೂ ಬಿಟ್ಟಿವೆ ಎಂದರು. ಪೆಟ್ಟಿಗೆಯನ್ನು ತಗಡಿನ ಷೆಡ್ಡಿನಲ್ಲಿ ಇಡುವುದು ಬೇಡ. ಮನೆಯ ಹಿಂದಿನ ಭತ್ತದ ಕೋಣೆ ಖಾಲಿ ಮಾಡಿಸಿದ್ದೇನೆ, ಜಂಬಿಟ್ಟಿಗೆ ಗೋಡೆ, ಮೇಲೆ ಹಂಚು, ನಡು ಮಧ್ಯಾಹ್ನವೂ ತಂಪಾಗಿರುತ್ತದೆ ಎಂದರು.

"ಭತ್ತ ಎಲ್ಲಿಟ್ರಿ?" ಎಂದಳು ಮೃಣ್ಮಯಿ.

ಅತ್ತ ಫೋನು ಕೈ ಬದಲಾಯಿತು. "ನಡುಮನ್ಯಾಗ! ನಾವು ಚೀಲದ ಮ್ಯಾಲೆ ಕಾಲಿಟ್ಟು ಓಡಾಡಾಕತ್ತೇವಿ," ಎಂದು ಕಾಕು ಕೂಗಿದರು. "ಇಲಿ ನನ್ನ ಸೀರಿ ಕಡದಾವು. ನೀ ಹೆಂಗೂ ಲಗೂನ ಬಾ. ಬರೂ ಮುಂದ ಒಂದು ಚಲೋ ಇಸ್ಪೀಟು ಕಟ್ಟು ತಗೊಂಡು ಬಾ, ಇದರಾಗ ಇಸ್ಪೀಟಿನ ರಾಣಿ ಹರದಾಳ."

ಮೃಣ್ಮಯಿ ನಗುತ್ತ ಗೋಡೆಯ ಕ್ಯಾಲೆಂಡರಿನತ್ತ ನಡೆದಳು.