ಸೊಸೆ ಅಳೆದು ತಂದ ಕಾರು

ಸೊಸೆಯ ಕೆಂಪು ಕಾರಿಗೆ ಬೀದಿಯವರು ಮೆಣಸಿನಕಾಯಿ ಎಂದು ಹೆಸರಿಟ್ಟಿದ್ದರು. ಎರಡೇ ಬಾಗಿಲು, ನೆಲಕ್ಕೆ ಅಂಟಿದಂಥ ಮೈ, ಹೊರಟರೆ ಹಿಡಿಯುವವರಿಲ್ಲ. ದಿನವಿಡೀ ಡ್ರೈವಿಂಗ್ ಶಾಲೆಯಲ್ಲಿ ಕಂಡಕಂಡವರಿಗೆ ಕ್ಲಚ್ಚು, ಬ್ರೇಕು ಹೇಳಿಕೊಟ್ಟು ಸುಸ್ತಾದವಳು ಸಂಜೆ ಅದರಲ್ಲೊಂದು ಸುತ್ತು ಹಾಕಿ ಬಂದರೆ ಮುಖಕ್ಕೆ ಕಳೆ ಬರುತ್ತಿತ್ತು. ಅಂಥ ಕಾರನ್ನು, ಅವಳಿ ಮಕ್ಕಳು ಹುಟ್ಟಿದ ಮೇಲೆ, ಅವಳೇ ಮಾರಲು ಹೊರಟಳು.

ಅತ್ತೆಗೆ ದಿಗಿಲಾಯಿತು. ಮೆಣಸಿನಕಾಯಿಯ ಮೇಲೆ ಆಕೆಗೇನೂ ಪ್ರೀತಿ ಇರಲಿಲ್ಲ. ಮಂಡಿ ನೋವಿನ ಹೆಂಗಸು. ಅದರೊಳಗೆ ಕೂರುವುದೆಂದರೆ ಬಾವಿಗೆ ಇಳಿದಂತೆ. ಏಳಬೇಕಾದರೆ ಮಗನೊಂದು ಕೈ, ಸೊಸೆಯೊಂದು ಕೈ ಹಿಡಿದು ಎಳೆಯಬೇಕು, ಬೀದಿಯೆಲ್ಲ ನೋಡಬೇಕು. ಆ ಮಾನಗೇಡು ಸಾಕಾಗಿ, ತನಗೆ ಮನೆಯೇ ಹಿತ ಎಂದು ಸುಳ್ಳು ಹೇಳಿ ಒಳಗೇ ಉಳಿದುಬಿಟ್ಟಿದ್ದಳು. ಈಗ ಬೇರೆ ಕಾರು ಬಂದರೂ, ಅದರಲ್ಲಿ ಮಕ್ಕಳ ಸೀಟು, ತಳ್ಳುಗಾಡಿ, ಚೀಲ ಎಲ್ಲ ತುಂಬಿದ ಮೇಲೆ ಮುದುಕಿಗೆಲ್ಲಿ ಜಾಗ? ಇನ್ನು ತನ್ನ ಲೋಕ ಕಿಟಕಿಯಷ್ಟೇ ಎಂದು ಖಾತ್ರಿಯಾಯಿತು.

ಒಂದು ಮಧ್ಯಾಹ್ನ ಸೊಸೆ ಹೊಲಿಗೆ ಯಂತ್ರದ ಮೇಲಿದ್ದ ಟೇಪು ತಂದು, ಅತ್ತೆಯ ಕಾಲ ಬಳಿ ಕೂತು, ಹಿಮ್ಮಡಿಯಿಂದ ಮಂಡಿಯ ತನಕ ಅಳೆದಳು. ಆಯುಷ್ಯವಿಡೀ ಊರಿನವರ ಅಳತೆ ತೆಗೆದ ದರ್ಜಿ ಅತ್ತೆ. ಟೇಪು ಕಂಡರೆ ಆಕೆಗೆ ಬಟ್ಟೆ ಬಿಟ್ಟು ಬೇರೇನು ಹೊಳೆದೀತು? ಲಂಗಕ್ಕೆ ಸೊಂಟದಿಂದ ಹಿಡಿಯಬೇಕು, ಇದ್ಯಾವ ಸೀಮೆಯ ಅಳತೆ ಎಂದು ಗೊಣಗಿದಳು.

ಸೊಸೆ ನಕ್ಕಳು. “ಇದು ಬಟ್ಟೆಗಲ್ಲ ಅತ್ತೆ, ಕಾರಿಗೆ. ಸೀಟು ಇಷ್ಟೆತ್ತರ ಇದ್ರೆ ಕುರ್ಚಿ ಮೇಲೆ ಕೂತ ಹಾಗೆ ಕೂರ್ತೀರಿ.”

ಆಮೇಲಿನದನ್ನು ಮಗನ ಬಾಯಲ್ಲೇ ಕೇಳಬೇಕು. ಹಳೇ ಕಾರುಗಳ ಅಂಗಳದಲ್ಲಿ ಮಾರುವವನು ಇಂಜಿನ್ನು, ಮೈಲೇಜು ಎಂದು ಬಾಯಿ ನೋಯುವಷ್ಟು ಹೊಗಳುತ್ತಿದ್ದರೆ, ಈ ಪುಣ್ಯಾತ್ಗಿತ್ತಿ ಕಾರಿಂದ ಕಾರಿಗೆ ಹೋಗಿ ನೆಲದಿಂದ ಸೀಟಿಗೆ ಟೇಪು ಹಿಡಿದು, ತಲೆಯಾಡಿಸಿ ಮುಂದೆ ನಡೆದಳಂತೆ. ಥಳಥಳ ಹೊಳೆಯುವುದೊಂದನ್ನು ಅರ್ಧ ಗೇಣು ತಗ್ಗೆಂದು ಬಿಟ್ಟಳಂತೆ. ಕೊನೆಗೆ ಒಪ್ಪಿದ್ದು ಬೂದು ಬಣ್ಣದ, ಪೆಟ್ಟಿಗೆಯಂಥ, ಯಾರೂ ತಿರುಗಿ ನೋಡದ ಕಾರು. ಮೆಣಸಿನಕಾಯಿಯ ಬೀಗದಕೈ ಕೊಡುವಾಗ ಮಾತ್ರ ಕಣ್ಣು ತುಂಬಿತಂತೆ. ಆದರೂ ಕೊಟ್ಟಳು. ಎಂಥ ಹೆಣ್ಣು, ನೀವೇ ಹೇಳಿ!

ಕಾರು ಮನೆಬಾಗಿಲಿಗೆ ಬಂತು. ಮಗ ಹಿಂದೆ ಎರಡು ಮಕ್ಕಳ ನಡುವೆ ಹೇಗೋ ತೂರಿಕೊಂಡ. ಸೊಸೆ ಮುಂದಿನ ಬಾಗಿಲು ತೆರೆದು ನಿಂತಳು, ಕೈ ನೀಡಲಿಲ್ಲ. ಅತ್ತೆ ಹಲ್ಲು ಕಚ್ಚಿ, ಬೆನ್ನು ತಿರುಗಿಸಿ ಕೂತಳು, ಒಂದೊಂದೇ ಕಾಲು ಒಳಗಿಟ್ಟಳು. ಮಂಡಿ ಚಕಾರ ಎತ್ತಲಿಲ್ಲ. ನಂಬಿಕೆ ಬಾರದೆ ಇಳಿದು ನೋಡಿದಳು. ಯಾರೂ ಎಳೆಯದೆ ತಾನೇ ಎದ್ದು ನಿಂತಿದ್ದಳು. ಮತ್ತೆ ಕೂತಳು. ಹಿಂದಿನಿಂದ ಮಗ, ಇದೇನು ಉಯ್ಯಾಲೆಯೇ ಎಂದು ರೇಗಿಸಿದ.

ಸೊಸೆ ಸ್ಟೇರಿಂಗ್ ಹಿಡಿದು ಕೇಳಿದಳು: “ಎಲ್ಲಿಗೆ ಹೋಗೋಣ ಅತ್ತೆ?”

ಅತ್ತೆ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕೂತಳು. ಎಷ್ಟು ಕಾಲವಾಗಿತ್ತು, ಯಾರಾದರೂ ಹಾಗೆ ಕೇಳಿ.

“ಎಲ್ಲಿಗಾದ್ರೂ ಹೋಗು ತಾಯಿ,” ಎಂದಳು. “ಬೇಗ ಮಾತ್ರ ವಾಪಸ್ ಕರ್ಕೊಂಡು ಬರಬೇಡ.”